1940ರ ಲಿಂಕನ್ ಕಾಂಟಿನೆಂಟಲ್ ಕೂಪೆ: ಎಂಜಿನ್ ಬದಲಾಗಿದ್ದರೂ ಕೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಒಹಾಯೋದಲ್ಲಿ 1940ರ ಕಾಂಟಿನೆಂಟಲ್ ಕೂಪೆ (ಗಟ್ಟಿ ಛಾವಣಿಯ ಎರಡು ಬಾಗಿಲ ಕಾರು) ಮಾರಾಟಕ್ಕಿದೆ, "54ರಲ್ಲಿ ಒಂದು" ಅಂತಿದ್ದಾರೆ, ಆದರೆ ಒಳಗಿರುವುದು ಮೂಲ ವಿ12 (ಹನ್ನೆರಡು ಸಿಲಿಂಡರಿನ ಎಂಜಿನ್) ಅಲ್ಲ, ಯಾವಾಗಲೋ ಕೂರಿಸಿದ ಮರ್ಕ್ಯುರಿ ಕಾರಿನ ಎಂಟು ಸಿಲಿಂಡರಿನ ವಿ8. ಕೊಳ್ಳಬಹುದಾ?

ಎಂಜಿನ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬಾಡಿ ನೋಡಿ. ನಾನಿರುವುದು ಡೆಟ್ರಾಯ್ಟ್ ಹತ್ತಿರ, ಗ್ಯಾರೇಜಿನಲ್ಲಿ 1941ರ ಕೂಪೆ ಇದೆ. ಈ ಪಾಠಕ್ಕೆ ಚೆನ್ನಾಗಿಯೇ ಫೀಸು ಕಟ್ಟಿದ್ದೇನೆ.

ಮೊದಲು ಆ 54. ಲೆಕ್ಕ ಸರಿಯೇ. 1940ರಲ್ಲಿ ಬಂದ ಕಾಂಟಿನೆಂಟಲ್ ಒಟ್ಟು 404. ಅದರಲ್ಲಿ 350 ಬಟ್ಟೆ ಟಾಪಿನವು, ಉಳಿದ 54 ಕೂಪೆ. ಮರುವರ್ಷ ಕೂಪೆಗಳೇ 850 ಬಂದವು. ನೋಡಲು ಎರಡೂ ಅಕ್ಕತಂಗಿಯರ ಹಾಗೆ. ಬಾಗಿಲ ಹಿಡಿ ನೋಡಿ: 1940ರದ್ದನ್ನು ತಿರುಗಿಸಬೇಕು, 1941ರದ್ದಕ್ಕೆ ಗುಂಡಿ ಒತ್ತಬೇಕು. ಗುಂಡಿ ಇದ್ದರೆ ಬೆಲೆಯ ಮಾತು ಹೊಸದಾಗಿ ಶುರು ಮಾಡಿ. (ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 1951ರಲ್ಲಿ ಎಂಟು ಕಾರುಗಳ ಪ್ರದರ್ಶನ ಇಟ್ಟಾಗ ಆರಿಸಿದ್ದು 1941ರ ಕೂಪೆಯನ್ನೇ. ನನ್ನದೂ ಅದೇ ವರ್ಷದ್ದು ಅಂತ ಸುಮ್ನೆ ಹೇಳಿಕೊಂಡೆ.)

ಈಗ ಬಾಡಿ. ಲಿಂಕನ್‌ನ ಒಡೆಯ ಫೋರ್ಡ್ ಕಂಪನಿಯ ಅಧ್ಯಕ್ಷ ಎಡ್ಸೆಲ್ ಫೋರ್ಡ್ 1939ರಲ್ಲಿ ಫ್ಲಾರಿಡಾ ರಜೆಗೆಂದು ಡಿಸೈನರ್ ಬಾಬ್ ಗ್ರೆಗರಿ ಕೈಯಲ್ಲಿ ಮಾಡಿಸಿಕೊಂಡ ಕಾರು ಇದರ ಮೂಲ. ಆಗಲೇ ಮಾರಾಟದಲ್ಲಿದ್ದ ಲಿಂಕನ್ ಜೆಫಿರ್‌ನ ಬಾಡಿಯನ್ನೇ ಕತ್ತರಿಸಿ ತಗ್ಗಿಸಿದ್ದು. ಮಾರಾಟಕ್ಕೆ ಬಂದ ಮೊದಲ ಕಾರುಗಳಲ್ಲೂ ಎಷ್ಟೋ ತಗಡು ಕೈಯಲ್ಲೇ ಬಡಿದದ್ದು. ಬೆಸುಗೆ ಕಾಣದಂತೆ ಸೀಸ ತುಂಬಿ ನಯ ಮಾಡುತ್ತಿದ್ದರು. ತಾಪತ್ರಯ ಇರುವುದೇ ಅಲ್ಲಿ. ತುಕ್ಕು ಮುಚ್ಚಲು ಬಳಿದ ಪುಟ್ಟಿಯನ್ನು ಅಯಸ್ಕಾಂತ ಇಟ್ಟು ಹುಡುಕುತ್ತಾರೆ. ಆದರೆ ಪುಟ್ಟಿಗೂ ಅಯಸ್ಕಾಂತ ಅಂಟುವುದಿಲ್ಲ, ಸೀಸಕ್ಕೂ ಅಂಟುವುದಿಲ್ಲ, ಅಲ್ವಾ? ನನ್ನ ಕಾರಿನ ಬಾಗಿಲ ಕೆಳಗೆ ಅಯಸ್ಕಾಂತ ಜಾರಿದಾಗ ಮಾರುವವರು "ಅದು ಫ್ಯಾಕ್ಟರಿ ಸೀಸ" ಅಂದರು. ನಂಬಿದೆ. ಮನೆಗೆ ತಂದು ಒಳಗಿನ ಹೊದಿಕೆ ಬಿಚ್ಚಿ, ಕೆಳ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ತುಕ್ಕು ತಿಂದ ತಗಡು, ಅದರ ಮೇಲೆ ಬೆರಳು ದಪ್ಪ ಪುಟ್ಟಿ. ಸೀಸ ಕೆರೆದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಪುಟ್ಟಿ ಪುಡಿಯಾಗಿ ಉದುರುತ್ತದೆ. ಬೇರೆಯವರ ಪೇಂಟ್ ಕೆರೆಯಲು ಆಗುವುದಿಲ್ಲವಲ್ಲ, ಅದಕ್ಕೇ ಒಳಗಿನಿಂದ ನೋಡಿ. ಕಾರ್ಪೆಟ್ ಎತ್ತಿಸಿ. ಹಿಂದೆ ನಿಂತಿರುವ ಸ್ಟೆಪ್ನಿ ತೆಗೆಸಿ, ಅದರ ಕೆಳಗೆ ಟಾರ್ಚ್ ಬಿಡಿ.

ವಿ12 ಕಾಲು ಭಾಗದ ಚಿಂತೆ ಅಷ್ಟೇ. 292 ಘನ ಇಂಚು, 120 ಅಶ್ವಶಕ್ತಿ, ಸರಿಯಿದ್ದರೆ ಸದ್ದೇ ಇಲ್ಲ. ಆದರೆ ಬೇಗ ಕಾಯುತ್ತಿತ್ತು. ಊರೊಳಗೆ ನಿಧಾನಕ್ಕೆ ಓಡಿಸಿದರೆ ಆಯಿಲ್ ಕೆಸರಾಗುತ್ತಿತ್ತು. ಅದಕ್ಕೇ ಆಗಿನವರು ಬೇಸತ್ತು ವಿ8 ಹಾಕಿಸಿಕೊಂಡರು. ಇದೇ ವಂಶದ ವಿ12 1936ರಿಂದ 1948ರವರೆಗೆ ಬಂದಿದೆ, ಹುಡುಕಿದರೆ ಸಿಗುತ್ತದೆ. ವಿ8 ಕೂರಿಸಲು ಫ್ರೇಮ್ ಕತ್ತರಿಸಿದ್ದಾರಾ ಅಂತ ಮಾತ್ರ ಬಗ್ಗಿ ನೋಡಿ. ಹಿಂದೆ ಕೆಲವು ರಾಜ್ಯಗಳಲ್ಲಿ ಎಂಜಿನ್ ನಂಬರನ್ನೇ ಮಾಲೀಕತ್ವದ ಪತ್ರವಾದ ಟೈಟಲ್‌ಗೆ ಬರೆಯುತ್ತಿದ್ದರು. ಹಾಗಾಗಿ ಪೇಪರಿನ ನಂಬರು ಫ್ರೇಮಿನ ಮೇಲಿದೆಯಾ ಅಂತ ತಾಳೆ ನೋಡಿಕೊಳ್ಳಿ.

ಬಾಗಿಲ ಹೊದಿಕೆ ಬಿಚ್ಚಲು ಅವರು ಒಪ್ಪದಿದ್ದರೆ ನಾನಾದರೆ ಮುಂಗಡ ಕೊಡುವುದಿಲ್ಲ.