ಹಳದಿಗೆ ಹೆದರಬೇಡಿ, ಕಪ್ಪನ್ನು ಕಡೆಗಣಿಸಬೇಡಿ

ಪ್ರಶ್ನೆ: ಇಂಗ್ಲಿಷ್ ವಿಲೋ ಮರದ ಕ್ರಿಕೆಟ್ ಬ್ಯಾಟು ಕೊಂಡಾಗ ಬೆಳ್ಳಗಿತ್ತು. ಈಗ ಮುಖವೆಲ್ಲ ಹಳದಿಗಟ್ಟಿದೆ, ತುದಿ ಕಪ್ಪಾಗಿದೆ. ರಾತ್ರಿಯಿಡೀ ಎಣ್ಣೆಯಲ್ಲಿ ನಿಲ್ಲಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಬೇಡ. ಅತಿಯಾಗಿ ಎಣ್ಣೆ ಕುಡಿದ ವಿಲೋ ಭಾರವಾಗಿ, ಚೆಂಡನ್ನು ಚಿಮ್ಮಿಸುವ ಗುಣವನ್ನೇ ಕಳೆದುಕೊಳ್ಳುತ್ತದೆ.

ನೀವು ಹೇಳಿದ ಎರಡು ಬಣ್ಣಗಳಿಗೆ ಎರಡು ಬೇರೆ ಕಾರಣಗಳಿವೆ. ವಿಲೋ ಮರ ಬೆಳಕಿಗೂ ಗಾಳಿಗೂ ಒಡ್ಡಿಕೊಂಡಂತೆ ತಾನಾಗಿಯೇ ಹಳದಿಗೆ ತಿರುಗುತ್ತದೆ. ಹಚ್ಚಿದ ಅಗಸೆ ಎಣ್ಣೆಯೂ ಒಣಗುತ್ತಾ ಆ ಛಾಯೆಯನ್ನು ಗಾಢವಾಗಿಸುತ್ತದೆ. ಕೆಲವು ತಯಾರಕರು ಬ್ಯಾಟನ್ನು ಬ್ಲೀಚ್ ಮಾಡಿಯೇ ಮಾರುವುದರಿಂದ ಮೊದಲ ದಿನದ ಬಿಳುಪನ್ನು ಮರದ ನಿಜಬಣ್ಣವೆಂದು ನಂಬುವಂತೆಯೂ ಇಲ್ಲ. ಇನ್ನು ಕೊಂಡಾಗಲೇ ಅಂಚಿನಲ್ಲಿ ಕಂದು ಪಟ್ಟಿಯಿದ್ದರೆ ಅದು ಮರದ ಚೇಗು, ಅಂದರೆ ಕಾಂಡದ ಒಳತಿರುಳಿನ ಭಾಗ. ಇವುಗಳಿಂದ ಆಟಕ್ಕೆ ತೊಂದರೆಯಿಲ್ಲ.

ತುದಿಯ ಕಪ್ಪು ಮಾತ್ರ ಬಹುಮಟ್ಟಿಗೆ ನೀರಿನ ಕೆಲಸ. ಅಲ್ಲಿ ಮರದ ನಾರುಗಳ ಕತ್ತರಿಸಿದ ಬಾಯಿ ತೆರೆದಿರುವುದರಿಂದ, ಒದ್ದೆ ಪಿಚ್ಚಿನಲ್ಲಿ ಬ್ಯಾಟು ಕುಟ್ಟುತ್ತಾ ನಿಂತರೆ ತೇವ ನೇರವಾಗಿ ಒಳಗೆ ಏರುತ್ತದೆ, ಮರ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಒಯ್ಯದೆ, ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಒಣಗಲು ಬಿಡಿ. ಆಮೇಲೆ ನಯವಾದ ಉಪ್ಪುಕಾಗದದಿಂದ ಮೇಲ್ಪದರವನ್ನಷ್ಟೇ ಉಜ್ಜಿ. ಉಗುರಿನಿಂದ ಒತ್ತಿದಾಗ ತುದಿ ಮೆತ್ತಗಿದ್ದರೆ ಅಥವಾ ಸೀಳಿದ್ದರೆ ಬ್ಯಾಟು ರಿಪೇರಿಯವರಿಗೆ ತೋರಿಸುವುದೇ ಸರಿ. ಗಟ್ಟಿಯಾಗಿದ್ದರೆ, ಪೂರ್ತಿ ಒಣಗಿದ ಮೇಲೆ ತುದಿಯನ್ನು ಕಾಯುವ ರಬ್ಬರಿನ ಹೊದಿಕೆ (ಟೋ ಗಾರ್ಡ್) ಅಂಟಿಸಿ. ತೇವ ಒಳಗಿರುವಾಗಲೇ ಅಂಟಿಸಿದರೆ ಅದನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.

ಎಣ್ಣೆಯ ವಿಷಯಕ್ಕೆ ಬಂದರೆ, ಕಾಯಿಸದ ಅಗಸೆ ಎಣ್ಣೆ ಸುಮಾರು ಒಂದು ಟೀ ಚಮಚದಷ್ಟಿದ್ದರೆ ಒಂದು ಸಲಕ್ಕೆ ಸಾಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಅದು ಅಗಸೆ ಎಣ್ಣೆಯಂತೆ ಒಣಗಿ ಪೊರೆಗಟ್ಟುವುದಿಲ್ಲ. ಅಗಸೆ ಎಣ್ಣೆಯನ್ನೇ ಮೆತ್ತನೆಯ ಬಟ್ಟೆಯಿಂದ ಮುಖ, ಅಂಚು, ತುದಿಗಳಿಗೆ ತೆಳುವಾಗಿ ಸವರಿ, ರಾತ್ರಿಯಿಡೀ ಅಡ್ಡಲಾಗಿ ಮಲಗಿಸಿ, ಬೆಳಿಗ್ಗೆ ಉಳಿದದ್ದನ್ನು ಒರೆಸಿಬಿಡಿ. ಹಿಡಿಕೆಯು ಹಲಗೆಯೊಳಗೆ ಸೇರುವ ಜಾಗಕ್ಕೆ ಎಣ್ಣೆ ತಾಗಿದರೆ ಅಂಟು ಸಡಿಲಗೊಳ್ಳಬಹುದು. ಮುಖಕ್ಕೆ ಪಾರದರ್ಶಕ ಹಾಳೆ ಅಂಟಿಸಿದ್ದರೆ ಅದರ ಮೇಲೆ ಎಣ್ಣೆ ಹಚ್ಚಿ ಪ್ರಯೋಜನವಿಲ್ಲ. ತೆರೆದ ಭಾಗಕ್ಕಷ್ಟೇ ಹಚ್ಚಿ.

ನಿಮ್ಮೂರಿನ ಮಳೆಗಾಲದಲ್ಲಿ ಒದ್ದೆ ಪ್ಯಾಡು, ಗ್ಲೌಸುಗಳೊಂದಿಗೆ ಬ್ಯಾಟನ್ನು ಕಿಟ್ ಬ್ಯಾಗಿನಲ್ಲಿ ಮುಚ್ಚಿಡದೆ, ಒರೆಸಿ, ಹತ್ತಿಬಟ್ಟೆಯ ಚೀಲದಲ್ಲಿ ಬೇರೆಯಾಗಿಯೇ ಇಡಿ.