ಪರದೆ ಆರಿಸಿ ಪ್ರಶ್ನೆ ಕೇಳುವುದೇಕೆ?

ಪ್ರಶ್ನೆ: ನಾನು ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಈಚೆಗೆ ಸಿಮ್ಯುಲೇಟರ್ ತರಬೇತಿಯ ನಡುವೆ ಏಕಾಏಕಿ ಪರದೆಗಳನ್ನೆಲ್ಲ ಆರಿಸಿ, 'ಟ್ಯಾಂಕ್ ಮಟ್ಟ ಏರುತ್ತಿತ್ತೋ, ಇಳಿಯುತ್ತಿತ್ತೋ?' ಎಂದೆಲ್ಲ ಕೇಳಿದರು. ಕೆಲವು ಉತ್ತರ ತಪ್ಪಿದವು. ಕೆಲಸದಲ್ಲಿ ಪರದೆ ಎದುರಿಗೇ ಇರುತ್ತದಲ್ಲ? ಇದು ಬರೀ ನೆನಪಿನ ಪರೀಕ್ಷೆಯಲ್ಲವೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಆಕ್ಷೇಪದಲ್ಲಿ ಹುರುಳಿದೆ, ಸಂಶೋಧಕರೂ ಅದನ್ನು ಎತ್ತಿದ್ದಾರೆ. ಆದರೆ 'ಬರೀ ನೆನಪು' ಎಂಬುದನ್ನು ನಾನು ಒಪ್ಪಲಾರೆ.

ಇದು ಅಮೆರಿಕದ ಎಂಜಿನಿಯರ್ ಮಿಕಾ ಎಂಡ್ಸ್ಲಿ 1980ರ ದಶಕದಲ್ಲಿ ರೂಪಿಸಿದ 'ಸಾಗಟ್' ವಿಧಾನ. ಇದು ಅಳೆಯುವುದು ಸನ್ನಿವೇಶದ ಅರಿವನ್ನು, ಅಂದರೆ ಸುತ್ತ ಏನಾಗುತ್ತಿದೆ ಎಂಬ ತಿಳಿವನ್ನು. ಅದಕ್ಕೆ ಅವರು ಮೂರು ಹಂತ ಹೇಳುತ್ತಾರೆ. ಟ್ಯಾಂಕ್ ಮಟ್ಟ ಎಷ್ಟೆಂದು ಗಮನಿಸುವುದು ಮೊದಲನೆಯದು. ವಾಲ್ವ್ ಸಿಕ್ಕಿಕೊಂಡು ಅದು ಏರುತ್ತಿದೆ ಎಂದು ಅರ್ಥವಾಗುವುದು ಎರಡನೆಯದು. ಇನ್ನು ಸ್ವಲ್ಪ ಹೊತ್ತಿಗೆ ಅಲಾರಂ ಹೊಡೆಯುತ್ತದೆ ಎಂದು ಮುಂಗಾಣುವುದು ಮೂರನೆಯದು. ಕೊನೆಯೆರಡು ಸಾಮಾನ್ಯವಾಗಿ ಪರದೆಯ ಮೇಲೆ ಬರೆದಿರುವುದಿಲ್ಲ, ನಿಮ್ಮ ತಲೆಯಲ್ಲೇ ಮೂಡಬೇಕು. ಎಲ್ಲ ಮುಗಿದ ಮೇಲೆ ಕೇಳಿದರೆ 'ನನಗೆ ಗೊತ್ತಿತ್ತು' ಎನ್ನುವುದು ಮನುಷ್ಯಸಹಜ. ಅದಕ್ಕೇ ನಡುವೆ ನಿಲ್ಲಿಸಿ ಕೇಳಿ, ಉತ್ತರವನ್ನು ಸಿಮ್ಯುಲೇಟರಿನ ಆ ಕ್ಷಣದ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಓಡುತ್ತಿರುವ ಸ್ಥಾವರವನ್ನು ಹೀಗೆ ನಿಲ್ಲಿಸಲಾದೀತೇ?

2010ರ ಮೇ 22ರ ಬೆಳಿಗ್ಗೆಯನ್ನು ಮಂಗಳೂರಿಗರು ಮರೆತಿಲ್ಲ. ಬಜಪೆಯ ಗುಡ್ಡದ ನೆತ್ತಿಯ ಟೇಬಲ್‌ಟಾಪ್ ರನ್‌ವೇ ದಾಟಿ ವಿಮಾನ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಸಹಪೈಲಟ್ ಮೂರು ಬಾರಿ 'ಗೋ ಅರೌಂಡ್' (ಇಳಿಸದೆ ಮತ್ತೆ ಮೇಲೇರಿಸಿ) ಎಂದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ ಎಂದಿತು ತನಿಖೆ. ಹಾರಾಟದಲ್ಲಿ ಬಹಳ ಹೊತ್ತು ನಿದ್ರಿಸಿ ಎದ್ದಿದ್ದ ಅವರು ಆಗ ಏನನ್ನು ಕಂಡಿದ್ದರು, ಏನೆಂದು ತಿಳಿದಿದ್ದರು? ಕೇಳಲು ಇಬ್ಬರೂ ಉಳಿಯಲಿಲ್ಲ. ಅಂಥದೇ ಇಳಿಕೆಯನ್ನು ಸಿಮ್ಯುಲೇಟರಿನಲ್ಲಿ ಅರ್ಧಕ್ಕೆ ತಡೆದು ಇಬ್ಬರು ಪೈಲಟ್‌ಗಳನ್ನೂ ಬೇರೆಬೇರೆಯಾಗಿ ಕೇಳಬಹುದು. ಅವರ ಅರಿವು ಎಲ್ಲಿ ಕವಲೊಡೆಯಿತೆಂಬುದು ಯಾರ ಜೀವವೂ ಹೋಗದೆ ತಿಳಿಯುತ್ತದೆ.

ಪರದೆ ಆರಿಸದೆ, ಕೆಲಸದ ನಡುವೆಯೇ ಪ್ರಶ್ನೆ ಕೇಳಿ, ಉತ್ತರಕ್ಕೆ ಹಿಡಿದ ಸಮಯ ಅಳೆಯುವ 'ಸ್ಪಾಮ್' ವಿಧಾನವೂ ಇದೆ. ಎಲ್ಲಿ ನೋಡಬೇಕೆಂದು ಬಲ್ಲವರ ಜಾಣ್ಮೆ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಮ್ಮಂಥವರ ಕೆಲಸಕ್ಕೆ ಅದನ್ನೂ ಜೊತೆಗೆ ಬಳಸಬೇಕೆಂಬುದು ನನ್ನ ಅಭಿಪ್ರಾಯ.

ನನ್ನ ದೊಡ್ಡ ಚಿಂತೆ ಬೇರೆ. ಸಿಮ್ಯುಲೇಟರಿನಲ್ಲಿ ಕೂತವರು ಏನೋ ಕೆಡಲಿದೆ ಎಂದು ಕಾಯುತ್ತಲೇ ಇರುತ್ತಾರೆ; ರಾತ್ರಿಪಾಳಿಯ ಮೂರು ಗಂಟೆಯ ಮಂಪರು ಅಲ್ಲಿಲ್ಲ. ಏನೂ ಕೆಡದ, ಬೇಸರ ಹಿಡಿಸುವ ಪಾಳಿಗಳನ್ನೂ ಅಭ್ಯಾಸದಲ್ಲಿ ಸೇರಿಸಲೇಬೇಕು.

ತರಬೇತುದಾರರನ್ನು ಒಂದು ಮಾತು ಕೇಳಿ: ತಪ್ಪು ಉತ್ತರಗಳೆಲ್ಲ ಎಲ್ಲಿಗೆ ಹೋಗುತ್ತವೆ? ಒಂದೇ ಪ್ರಶ್ನೆಗೆ ಹಲವರು ಎಡವಿದ್ದರೆ ಮೊದಲು ಪರದೆಯ ವಿನ್ಯಾಸವನ್ನು ಅನುಮಾನಿಸಬೇಕು. ಆ ಉತ್ತರಗಳ ಹಾಳೆ ಪರದೆಯನ್ನು ರೂಪಿಸಿದ ಎಂಜಿನಿಯರ್ ಮೇಜಿಗೆ ಹೋಗಲಿ, ನಿಮ್ಮ ಸರ್ವಿಸ್ ಫೈಲಿಗಲ್ಲ.