ಓದುಗರ ಪ್ರಶ್ನೆ, ತಿಳಿದವರ ಉತ್ತರ: ಮಾದರಿ ವಿಮಾನ ಮತ್ತು ಮನೆಯಲ್ಲಿ ಬೆರೆಸುವ ಇಂಧನ

ಪ್ರಶ್ನೆ: ಹಳೆಯದೊಂದು 40 ಸೈಜಿನ (6.5 ಸಿಸಿ) ಗ್ಲೋ ಇಂಜಿನ್ (ಬಿಸಿ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ಪುಟ್ಟ ಇಂಜಿನ್) ಸಿಕ್ಕಿದೆ. ಡಬ್ಬಿಯಲ್ಲಿ ಬರುವ ಇಂಧನ ದುಬಾರಿ, ಕೊರಿಯರಿನವರು ತರುವುದಿಲ್ಲ. ಮನೆಯಲ್ಲೇ ಬೆರೆಸಿಕೊಳ್ಳಬಹುದೇ? ನೈಟ್ರೋ ಎಷ್ಟು ಹಾಕಬೇಕು? (ಮಾಲೂರಿನ ಓದುಗರು)

ಉತ್ತರ: ಬೆರೆಸಬಹುದು. ಬೇಕಾದದ್ದು ಎರಡೇ ವಸ್ತು: ಮೆಥನಾಲ್ 80 ಪಾಲು, ಹರಳೆಣ್ಣೆ 20 ಪಾಲು. ನೈಟ್ರೋಮೀಥೇನ್ ಬೇಡವೇ ಬೇಡ. ಎಫ್‌ಎಐ (ಅಂತರರಾಷ್ಟ್ರೀಯ ವಿಮಾನ ಕ್ರೀಡಾ ಒಕ್ಕೂಟ) ವಿಶ್ವ ಸ್ಪರ್ಧೆಗಳಲ್ಲಿ ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ಸುತ್ತುವ ಎಫ್2ಎ ವರ್ಗದ ಕಂಟ್ರೋಲ್ ಲೈನ್ (ಕೈಯಲ್ಲಿ ಹಿಡಿದ ತಂತಿಗೆ ಕಟ್ಟಿ ಸುತ್ತಿಸುವ) ವಿಮಾನಗಳ 2.5 ಸಿಸಿ ಇಂಜಿನ್‌ಗಳು ಓಡುವುದು ಇದೇ 80:20 ಇಂಧನದಲ್ಲಿ. ನೈಟ್ರೋ ಹಾಕಿದರೆ ಐಡ್ಲಿಂಗ್ ಸ್ವಲ್ಪ ನಯವಾಗುತ್ತದೆ, ಶಕ್ತಿ ತುಸು ಏರುತ್ತದೆ. ಆದರೆ ಅದು ಸ್ಫೋಟದ ಅಪಾಯವಿರುವ ವಸ್ತು, ಮನೆಯಲ್ಲಿ ಇಡುವಂಥದ್ದಲ್ಲ. ಅದಿಲ್ಲದ ಇಂಧನಕ್ಕೆ 'ಹಾಟ್' (ಹೆಚ್ಚು ಬಿಸಿ ಉಳಿಸಿಕೊಳ್ಳುವ) ಗ್ಲೋ ಪ್ಲಗ್ ಹಾಕಿ, ಐಡ್ಲಿಂಗನ್ನು ಕೊಂಚ ಮೇಲಿಟ್ಟುಕೊಳ್ಳಿ. ಕಲಿಯುವವರ ವಿಮಾನಕ್ಕೆ ಅಷ್ಟು ಸಾಕು.

ಅಳತೆ ಗಾತ್ರದ್ದು, ತೂಕದ್ದಲ್ಲ. ಒಂದು ಲೀಟರಿಗೆ 800 ಮಿಲಿ ಮೆಥನಾಲ್, 200 ಮಿಲಿ ಹರಳೆಣ್ಣೆ. ತಕ್ಕಡಿಯಲ್ಲೇ ತೂಗುವುದಾದರೆ ಮೆಥನಾಲ್ ಸುಮಾರು 632 ಗ್ರಾಂ, ಹರಳೆಣ್ಣೆ ಸುಮಾರು 192 ಗ್ರಾಂ. ಮೆಥನಾಲ್ ಹಗುರ, ಎಣ್ಣೆ ಭಾರ. ಇದನ್ನು ಮರೆತು 800 ಗ್ರಾಂಗೆ 200 ಗ್ರಾಂ ಎಂದು ತೂಗಿದವರ ಡಬ್ಬಿಯಲ್ಲಿ ಎಣ್ಣೆ 17 ಪಾಲಿಗೆ ಇಳಿದಿರುತ್ತದೆ. ಎಣ್ಣೆಯನ್ನು 18ಕ್ಕಿಂತ ಕೆಳಗೆ ಇಳಿಸಲೇಬಾರದು. ಬಾಲ್ ಬೇರಿಂಗ್ ಬದಲು ಕಂಚಿನ ಬುಷ್, ಕಬ್ಬಿಣದ ಪಿಸ್ಟನ್ ಇರುವ ಹಳೆಯ ಇಂಜಿನಿಗೆ 25 ಪಾಲು ಹಾಕಿ. ನಿಮ್ಮದು ಹಳೆಯದು ಎಂದಿದ್ದೀರಿ, ಮೊದಲು ಅದನ್ನು ನೋಡಿಕೊಳ್ಳಿ.

ಮೆಥನಾಲನ್ನು ಪ್ರಯೋಗಾಲಯದ ರಾಸಾಯನಿಕ ಮಾರುವ, ಪರವಾನಗಿ ಇರುವ ಅಂಗಡಿಯಲ್ಲೇ ಬಿಲ್ ಸಮೇತ ಕೊಳ್ಳಿ. ಗುರುತಿನ ಚೀಟಿ, ಉದ್ದೇಶ ಕೇಳಿದರೆ ಬೇಸರ ಬೇಡ, ಅದು ವಿಷ. ಪಾಲಿಶ್ ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಯಾವುದೂ ಇದಕ್ಕೆ ಬದಲಿಯಲ್ಲ. ಪ್ಲಗ್ಗಿನ ಪ್ಲಾಟಿನಂ ತಂತಿ ಮೆಥನಾಲಿನ ಆವಿ ತಾಗಿದಾಗ ತಾನೇ ಕೆಂಪಗಾಗಿ ಉಳಿಯುತ್ತದೆ. ಬ್ಯಾಟರಿ ತೆಗೆದ ಮೇಲೂ ಇಂಜಿನ್ ಓಡುವುದು ಆ ಗುಣದಿಂದ.

ಬೆರೆಸುವ ಮುನ್ನ ಒಂದು ಪರೀಕ್ಷೆ. ಸಣ್ಣ ಗಾಜಿನ ಶೀಶೆಯಲ್ಲಿ 20 ಮಿಲಿ ಮೆಥನಾಲಿಗೆ 5 ಮಿಲಿ ಹರಳೆಣ್ಣೆ ಹಾಕಿ ಕುಲುಕಿ. ತಿಳಿ ಹಳದಿಯಾಗಿ ಆರಪಾರ ಕಂಡರೆ ಸರಿ. ಮಜ್ಜಿಗೆ ನೀರಿನಂತೆ ಮಸುಕಾದರೆ ಎರಡರಲ್ಲಿ ಒಂದಕ್ಕೆ ನೀರು ಸೇರಿದೆ. ಮೆಥನಾಲ್ ಗಾಳಿಯ ತೇವವನ್ನೇ ಹೀರಿಕೊಳ್ಳುವ ದ್ರವ, ಮುಚ್ಚಳ ಸಡಿಲವಿದ್ದ ಡಬ್ಬಿ ಮಳೆಗಾಲ ಕಳೆಯುವಷ್ಟರಲ್ಲಿ ಕೆಡುತ್ತದೆ.

ಬೆರೆಸುವುದು ಮನೆಯ ಹೊರಗೆ, ನೆರಳಿನಲ್ಲಿ, ಗಾಳಿಗೆ ಬೆನ್ನು ಮಾಡಿ. ನೈಟ್ರೈಲ್ ಕೈಗವಸು, ಕನ್ನಡಕ ಇರಲಿ. ಒಲೆ, ದೀಪ, ಬೀಡಿ, ಸಿಗರೇಟು ಹತ್ತಿರ ಇರಬಾರದು. ಮೊದಲು ಅರ್ಧ ಮೆಥನಾಲ್ ಸುರಿದು ಎಣ್ಣೆಯನ್ನೆಲ್ಲ ಹಾಕಿ, ಮುಚ್ಚಿ ಕುಲುಕಿ, ಆಮೇಲೆ ಉಳಿದ ಮೆಥನಾಲ್ ಸೇರಿಸಿ. ಒಂದು ರಾತ್ರಿ ಬಿಟ್ಟು, ತಳದಲ್ಲಿ ಗಸಿ ಕೂತಿದ್ದರೆ ಮೇಲಿನದನ್ನು ಮಾತ್ರ ಫಿಲ್ಟರ್ ಪೇಪರಿನಲ್ಲಿ ಸೋಸಿ. ಒಂದೆರಡು ಲೀಟರಿಗಿಂತ ಹೆಚ್ಚು ಮಾಡಿಡಬೇಡಿ.

ಪ್ರಶ್ನೆ: ನಮ್ಮಲ್ಲಿ ರಾಗಿ ಹೊಲದ ಬದುವಿನಲ್ಲಿ ಹರಳು ಬೆಳೆಯುತ್ತೇವೆ. ಅಮ್ಮ ಮನೆಯಲ್ಲೇ ಎಣ್ಣೆ ತೆಗೆಯುತ್ತಾರೆ. ಅದೇ ಆಗುವುದಿಲ್ಲವೇ? ಇಲ್ಲವಾದರೆ ಬೈಕಿನ 2ಟಿ ಆಯಿಲ್? (ಚಿಂತಾಮಣಿಯ ಓದುಗರು)

ಉತ್ತರ: ಅಮ್ಮನ ಎಣ್ಣೆ ತಲೆಗೆ, ಹೊಟ್ಟೆಗೆ ಶ್ರೇಷ್ಠ. ಇಂಜಿನಿಗೆ ಆಗದು. ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಎಣ್ಣೆಯಲ್ಲಿ ನೀರಿನ ಅಂಶವೂ ಬೀಜದ ಅಂಟೂ ಉಳಿದಿರುತ್ತವೆ. ನೀರು ಇಂಧನವನ್ನು ಮಸುಕು ಮಾಡುತ್ತದೆ, ಅಂಟು ನೀಡಲ್ಲಿನ (ಇಂಧನದ ಹರಿವನ್ನು ಹೆಚ್ಚು ಕಡಿಮೆ ಮಾಡುವ ಸೂಜಿ ತಿರುಪು) ತೂತಿನಲ್ಲಿ ಕೂರುತ್ತದೆ. ಗಾಣದ ಎಣ್ಣೆಯೂ ಸೋಸದೆ ಬಂದಿದ್ದರೆ ಇದೇ ತೊಂದರೆ. ಔಷಧ ದರ್ಜೆಯ, ಅಂಟು ತೆಗೆದ, ಸುಗಂಧ ಸೇರಿಸದ ಹರಳೆಣ್ಣೆ ಕೊಳ್ಳಿ.

2ಟಿ ಆಯಿಲ್ ಪೆಟ್ರೋಲಿಗಾಗಿ ಮಾಡಿದ್ದು, ಮೆಥನಾಲಿನಲ್ಲಿ ಕರಗದೆ ಬೇರೆಯಾಗಿ ನಿಲ್ಲುತ್ತದೆ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಯೂ ಅಷ್ಟೆ. ಕುಲುಕಿದಾಗ ಬೆರೆತಂತೆ ಕಂಡು, ಟ್ಯಾಂಕಿಗೆ ಹೋದ ಮೇಲೆ ಪದರವಾಗುತ್ತದೆ. ಇಂಜಿನಿಗೆ ಒಮ್ಮೆ ಬರೀ ಮೆಥನಾಲ್, ಒಮ್ಮೆ ಬರೀ ಎಣ್ಣೆ ಹೋಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹರಳೆಣ್ಣೆಯ ಅಣುವಿನ ರಚನೆಯೇ ಬೇರೆ, ಅದು ಮೆಥನಾಲಿನಲ್ಲಿ ಪೂರ್ತಿ ಕರಗುತ್ತದೆ, ಇಂಜಿನ್ ಮಿತಿಮೀರಿ ಕಾದಾಗಲೂ ಲೋಹದ ಮೇಲೆ ಪೊರೆಯಾಗಿ ಉಳಿಯುತ್ತದೆ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ವಿಮಾನದ ಇಂಧನ ಎಂದು ನೀರಿನ ಬಾಟಲಿಯಲ್ಲಿ ಏನನ್ನೋ ತುಂಬಿ ಅಟ್ಟದ ಮೇಲಿಟ್ಟಿದ್ದಾನೆ. ಮನೆಯಲ್ಲೇ ರೇಷ್ಮೆ ಹುಳು ಸಾಕುತ್ತೇವೆ. ಭಯವಾಗುತ್ತಿದೆ. (ಶಿಡ್ಲಘಟ್ಟದ ತಾಯಿಯೊಬ್ಬರು)

ಉತ್ತರ: ಅಮ್ಮ, ಈ ಪತ್ರಿಕೆ ಕೆಳಗಿಟ್ಟು ಮೊದಲು ಆ ಬಾಟಲಿಯನ್ನು ಅಟ್ಟದಿಂದ ಇಳಿಸಿ. ನಿಮ್ಮ ಭಯ ಸರಿಯಾದದ್ದೇ. ಮೆಥನಾಲ್ ನೋಡಲು ನೀರು, ವಾಸನೆಯಲ್ಲಿ ಸಾರಾಯಿ. 10 ಮಿಲಿಯಷ್ಟು, ಅಂದರೆ ಎರಡು ಚಮಚ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. 30 ಮಿಲಿ ಪ್ರಾಣ ತೆಗೆಯಬಲ್ಲದು. ಚರ್ಮದ ಮೂಲಕವೂ ಮೈ ಸೇರುತ್ತದೆ. ಕುಡಿದ ಕೂಡಲೇ ಏನೂ ಆಗದಂತೆ ಕಾಣುವುದೇ ಇದರ ಮೋಸ: ದೃಷ್ಟಿ ಮಂಜಾಗುವುದು, ಉಸಿರು ಏರುವುದು ಅರ್ಧ ದಿನ, ಒಂದು ದಿನ ಬಿಟ್ಟು ಶುರುವಾಗಬಹುದು. ಯಾರಾದರೂ ಕುಡಿದಿರುವ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ ಜಿಲ್ಲಾಸ್ಪತ್ರೆಗೆ ಕರೆದೊಯ್ದು 'ಮೆಥನಾಲ್' ಎಂಬ ಹೆಸರನ್ನೇ ಹೇಳಿ. ಹೊತ್ತಿಗೆ ಹೋದರೆ ಚಿಕಿತ್ಸೆ ಇದೆ.

ಹವ್ಯಾಸ ನಿಲ್ಲಿಸಬೇಕಾಗಿಲ್ಲ, ವಿಧಾನ ಬದಲಾಗಬೇಕು. ಕೊಳ್ಳುವುದು, ಬೆರೆಸುವುದು ದೊಡ್ಡವರ ಕೆಲಸ. ಗಟ್ಟಿ ಪ್ಲಾಸ್ಟಿಕ್ ಕ್ಯಾನು ಅಥವಾ ತಗಡಿನ ಡಬ್ಬಿ, ಬಿಗಿ ಮುಚ್ಚಳ, ಮೇಲೆ ದಪ್ಪಕ್ಷರದಲ್ಲಿ 'ವಿಷ, ಮೆಥನಾಲ್' ಎಂಬ ಚೀಟಿ. ವಾಸದ ಮನೆಯಿಂದಲೂ ಹುಳು ಮನೆಯಿಂದಲೂ ದೂರ, ತಣ್ಣನೆಯ ಜಾಗದಲ್ಲಿ, ಬೀಗದೊಳಗೆ ಇಡಿ. ಪೈಪನ್ನು ಬಾಯಿಂದ ಎಳೆದು ಇಂಧನ ತುಂಬುವ ಅಭ್ಯಾಸ ಹುಡುಗರಲ್ಲಿದೆ, ಅದನ್ನು ಇವತ್ತೇ ಬಿಡಿಸಿ, ಕೈಪಂಪು ಕೊಡಿಸಿ. ಇಂಜಿನ್ ಓಡಿಸಿದಾಗ ಹೊಗೆಯ ಜೊತೆ ಸುಡದ ಎಣ್ಣೆ ಹನಿಹನಿಯಾಗಿ ಚಿಮ್ಮುತ್ತದೆ, ಹಿಪ್ಪುನೇರಳೆ ತೋಟದ ಪಕ್ಕ ಓಡಿಸುವುದು ಬೇಡ.

ಇನ್ನೊಂದು ಮಾತು. ಮೆಥನಾಲಿನ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ ಎನ್ನುವಷ್ಟು ತೆಳು. ಝಳ ತಟ್ಟಿದ ಮೇಲೇ ಗೊತ್ತಾಗುವುದು. ಪೆಟ್ರೋಲಿನಂತಲ್ಲ, ಇದು ನೀರಿನಲ್ಲಿ ಬೆರೆಯುತ್ತದೆ, ಹಾಗಾಗಿ ಧಾರಾಳ ನೀರು ಸುರಿದರೆ ಆರುತ್ತದೆ. ಒಂದು ಚೆಂಬು ಸಾಲದು. ಎರಡು ಬಕೆಟ್ ತುಂಬಿಟ್ಟುಕೊಂಡೇ ಕೆಲಸಕ್ಕೆ ಕೂರಲಿ.

ಪ್ರಶ್ನೆ: ನಿನ್ನೆ ಮಧ್ಯಾಹ್ನ ಚೆನ್ನಾಗಿ ಹಾರಿತು. ಇವತ್ತು ಬೆಳಿಗ್ಗೆ ಮೂರು ನಿಮಿಷಕ್ಕೆ ಇಂಜಿನ್ ಆಕಾಶದಲ್ಲೇ ನಿಂತಿತು. ಇಂಧನ ಅದೇ, ನೀಡಲ್ ಮುಟ್ಟಿಲ್ಲ. (ಶಿರಾದ ಓದುಗರು)

ಉತ್ತರ: ನೀಡಲ್ ಮುಟ್ಟದಿದ್ದದ್ದೇ ಕಾರಣ. ಬೆಳಗಿನ ತಣ್ಣನೆಯ ಗಾಳಿ ದಟ್ಟ, ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಒಳಹೋಗುತ್ತದೆ. ಜೊತೆಗೆ ಚಳಿಗೆ ಎಣ್ಣೆ ಮಂದವಾಗಿ ಇಂಧನ ನಿಧಾನ ಹರಿಯುತ್ತದೆ. ಎರಡೂ ಸೇರಿ ಲೀನ್ (ಗಾಳಿಗೆ ಇಂಧನ ಸಾಲದ ಸ್ಥಿತಿ) ಆಗುತ್ತದೆ, ಇಂಜಿನ್ ಕಾದು ನಿಲ್ಲುತ್ತದೆ. ಬೆಳಿಗ್ಗೆ ನೀಡಲ್ಲನ್ನು ಸುತ್ತಿನ ಎಂಟನೇ ಒಂದು ಭಾಗದಿಂದ ಕಾಲು ಸುತ್ತಿನವರೆಗೆ ಬಿಚ್ಚಿ. ನಮ್ಮ ಬಯಲುಸೀಮೆಯ ಈ ಊರುಗಳು ಸಮುದ್ರಮಟ್ಟದಿಂದ ಸುಮಾರು 650ರಿಂದ 900 ಮೀಟರ್ ಎತ್ತರದಲ್ಲಿವೆ. 35 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ, ಕಡಲ ದಡದ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 15 ತೆಳು. ಹಾಗಾಗಿ ಇಂಜಿನ್ ಜೊತೆಗೆ ಬಂದ ಪುಸ್ತಕದ ನೀಡಲ್ ಲೆಕ್ಕ ಇಲ್ಲಿಗೆ ಅಂದಾಜು ಮಾತ್ರ.

ಕ್ರಮ ಹೀಗೆ: ಮೂರು ಸುತ್ತು ಬಿಚ್ಚಿ ಶುರು ಮಾಡಿ. ಬಿಸಿಯಾದ ಮೇಲೆ ಪ್ಲಗ್ಗಿನ ಬ್ಯಾಟರಿ ತೆಗೆದು, ಪೂರ್ತಿ ಥ್ರಾಟಲಿನಲ್ಲಿ ಸದ್ದು ಅತಿ ತೀಕ್ಷ್ಣವಾಗುವವರೆಗೆ ನೀಡಲ್ ಬಿಗಿಯಿರಿ. ಅಲ್ಲಿಂದ ಸುಮಾರು ಕಾಲು ಸುತ್ತು ಹಿಂದಕ್ಕೆ. ಈಗ ವಿಮಾನದ ಫ್ಯಾನಿನ ಹಿಂದೆ ನಿಂತು ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದು ಹತ್ತು ಎಣಿಸಿ. ಸದ್ದು ಕೊಂಚ ಏರಿದರೆ ಸರಿಯಾಗಿದೆ, ಕುಗ್ಗಿದರೆ ಇನ್ನೂ ಲೀನ್. ಫ್ಯಾನು ತಿರುಗುವ ಗೆರೆಯಲ್ಲಿ ಮುಖ, ಕೈ, ಪಕ್ಕದಲ್ಲಿ ನಿಂತ ಮಕ್ಕಳು ಯಾರೂ ಇರಬಾರದು. ಸ್ಟಾರ್ಟ್ ಮಾಡಲು ಬರಿ ಬೆರಳು ಬೇಡ, ರಬ್ಬರ್ ಸುತ್ತಿದ ಕೋಲು ಬಳಸಿ.

ನೀಡಲ್ ಸರಿಮಾಡಿದ ಮೇಲೂ ನಿಲ್ಲುತ್ತಿದ್ದರೆ ಟ್ಯಾಂಕ್ ಬಿಚ್ಚಿ. ಗಟ್ಟಿಯಾಗಿ ನೆಲಕ್ಕಿಳಿದಾಗ ಒಳಗಿನ, ತುದಿಗೆ ತೂಕ ಕಟ್ಟಿದ ಪೈಪು ಮುಂದಕ್ಕೆ ಮಡಚಿಕೊಂಡು ಅಲ್ಲೇ ಸಿಕ್ಕಿರುತ್ತದೆ. ಟ್ಯಾಂಕ್ ಅರ್ಧಕ್ಕೆ ಬಂದೊಡನೆ ಗಾಳಿ ಎಳೆಯಲು ಶುರು. ಸಿಲಿಕೋನ್ ಪೈಪಿನಲ್ಲಿ ಸೂಜಿಮೊನೆಯ ತೂತಿದ್ದರೂ ಇದೇ ಲಕ್ಷಣ. ಟ್ಯಾಂಕಿನ ನಡುಗೆರೆ ನೀಡಲ್ಲಿನ ಮಟ್ಟಕ್ಕೆ ಇರಲಿ, ಸುತ್ತ ಸ್ಪಂಜು ಸುತ್ತಿ. ನಡುಕ ತಾಗಿದರೆ ಇಂಧನ ನೊರೆಯಾಗುತ್ತದೆ.

ಪ್ರಶ್ನೆ: ಹೊಸ ಎಬಿಸಿ ಇಂಜಿನ್ (ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಸಿಲಿಂಡರ್). ಕೈಯಲ್ಲಿ ತಿರುಗಿಸಿದರೆ ಮೇಲುಗಡೆ ಬಿಗಿಯಾಗಿ ಹಿಡಿಯುತ್ತದೆ. ಎಣ್ಣೆ ಜಾಸ್ತಿ ಹಾಕಿ, ತುಂಬ ರಿಚ್ ಆಗಿ (ಗಾಳಿಗೆ ಇಂಧನ ಹೆಚ್ಚಿಟ್ಟು) ತಣ್ಣಗೆ ಓಡಿಸಿ ಪಳಗಿಸಲೇ? (ಗೌರಿಬಿದನೂರಿನ ಓದುಗರು)

ಉತ್ತರ: ಹಾಗೆ ಮಾಡಿದರೆ ಇಂಜಿನ್ ಸವೆದುಹೋಗುತ್ತದೆ. ಆ ಬಿಗಿ ಬೇಕೆಂದೇ ಮಾಡಿದ್ದು: ಸಿಲಿಂಡರ್ ಮೇಲಕ್ಕೆ ಹೋದಂತೆ ಕಿರಿದಾಗಿದೆ, ಬಿಸಿಯಾದಾಗ ಹಿಗ್ಗಿ ಸರಿಹೋಗುತ್ತದೆ. ತಣ್ಣಗೆ ಓಡಿಸಿದರೆ ಹಿಗ್ಗುವುದೇ ಇಲ್ಲ, ಉಜ್ಜಿ ಉಜ್ಜಿ ಆ ಬಿಗಿ ಹೋಗುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ವೇಗಕ್ಕೆ ತಂದು, ಸದ್ದು ಬಡಬಡದಿಂದ ಝೇಂಕಾರಕ್ಕೆ ತಿರುಗುವ ಗಡಿಯಲ್ಲಿ ಎರಡು ನಿಮಿಷ ಇಡಿ, ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಹತ್ತು ಸಲ ಹೀಗೆ ಮಾಡಿ, ಮೊದಲ ಕೆಲವು ಹಾರಾಟ ಕೊಂಚ ರಿಚ್ ಇರಲಿ. ಪಿಸ್ಟನ್ನಿಗೆ ರಿಂಗ್ ಇರುವ ಇಂಜಿನಿಗೆ ಮಾತ್ರ ನೀವು ಹೇಳಿದ ರಿಚ್ ಪದ್ಧತಿ ಸರಿ.

ಪ್ರಶ್ನೆ: ತಾತನ ಕಾಲದ 'ಮಾಡೆಲ್ ಡೀಸೆಲ್' ಇಂಜಿನ್ ಇದೆ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಸಮಪಾಲು ಎನ್ನುತ್ತಾರೆ. ಮಾಡಲೇ? (ಕೋಲಾರದ ಓದುಗರು)

ಉತ್ತರ: ಪಾಲು ನಿಜ, ಮಾಡಬೇಡಿ. ಈಥರ್ ಕುದಿಯುವುದು 35 ಡಿಗ್ರಿಯ ಹತ್ತಿರ. ಕೋಲಾರದ ಏಪ್ರಿಲ್ ಬಿಸಿಲಿಗೆ ಅದು ಶೀಶೆಯಲ್ಲೇ ಕುದಿಯಬಲ್ಲದು. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ದೀಪಕ್ಕೆ ತಗುಲಿ ಹಿಂದಕ್ಕೆ ಹೊತ್ತಿಕೊಂಡು ಬರುತ್ತದೆ. ತೆರೆದಿಟ್ಟ ಹಳೆಯ ಈಥರಿನಲ್ಲಿ ಸಿಡಿಯುವ ಪೆರಾಕ್ಸೈಡ್ ಬೆಳೆಯುತ್ತದೆ. ಇಂಜಿನ್ನನ್ನು ತೊಳೆದು, ಎಣ್ಣೆ ಹಾಕಿ, ನೆನಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಎಲ್ಲಿ ಹಾರಿಸಬೇಕು? ಅನುಮತಿ ಬೇಕೇ? (ಗುಬ್ಬಿಯ ಓದುಗರು)

ಉತ್ತರ: 2021ರ ಡ್ರೋನ್ ನಿಯಮಗಳಲ್ಲೇ ಮಾದರಿ ವಿಮಾನವೂ ಬರುತ್ತದೆ. ಹವ್ಯಾಸಕ್ಕೆ, ಕಣ್ಣಳತೆಯಲ್ಲೇ ಹಾರಿಸುವ, 25 ಕೆಜಿ ಮೀರದ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸರ್ಕಾರದ ಒಪ್ಪಿಗೆ ಪತ್ರ) ಬೇಕಿಲ್ಲ. ಜಾಗದ ನಿಯಮ ಮಾತ್ರ ಎಲ್ಲರಿಗೂ ಒಂದೇ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ಬಣ್ಣವಿದ್ದರೆ 400 ಅಡಿಯವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ. ನೋಂದಣಿಯ ನಿಯಮವನ್ನೂ ಓದಿಕೊಳ್ಳಿ. ನಿಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೇ 2023ರಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, ಆದ್ದರಿಂದ ನೀವಂತೂ ನಕ್ಷೆ ನೋಡದೆ ಹೊರಡಲೇಬೇಡಿ.

ಜಾಗ ಎಂದರೆ ಬತ್ತಿದ ಕೆರೆಯಂಗಳ, ಕೊಯ್ಲಾದ ರಾಗಿ ಹೊಲ. ಮಾಲೀಕರನ್ನು, ಪಂಚಾಯಿತಿಯವರನ್ನು ಕೇಳಿ. ತೆಂಗಿನ ತೋಟ, ನೀಲಗಿರಿ ತೋಪು, ಬೋರ್‌ವೆಲ್‌ಗೆ ಎಳೆದ ಕರೆಂಟ್ ತಂತಿ ದೂರ ಇರಲಿ. ಕಂಟ್ರೋಲ್ ಲೈನ್ ಹಾರಿಸುವವರ ಕೈಯಲ್ಲಿರುವುದು ಉಕ್ಕಿನ ತಂತಿ: 11 ಕೆವಿ ಲೈನಿಗೆ ತಾಗಿದರೆ ಹಾರಿಸುವವರು ಉಳಿಯುವುದಿಲ್ಲ. ಆಷಾಢದ ಗಾಳಿಯಲ್ಲಿ ಕಲಿಯಬೇಡಿ. ಡಿಸೆಂಬರಿನಿಂದ ಮಾರ್ಚಿವರೆಗಿನ ಬೆಳಗು ಚೆನ್ನ.

ಪ್ರಶ್ನೆ: ವರ್ಷದಿಂದ ಇಟ್ಟಿದ್ದ ಇಂಜಿನ್ ಅಲ್ಲಾಡುತ್ತಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಲೇ? (ತಿಪಟೂರಿನ ಓದುಗರು)

ಉತ್ತರ: ಬೇಡ, ಕನೆಕ್ಟಿಂಗ್ ರಾಡ್ ಮುರಿಯುತ್ತದೆ. ಒಳಗೆ ಹರಳೆಣ್ಣೆ ಒಣಗಿ ಗೋಂದಾಗಿದೆ, ಅಷ್ಟೆ. ಇಂಧನದ ಡಬ್ಬಿ ದೂರವಿಟ್ಟು, ಪ್ಲಗ್ ಬಿಚ್ಚಿ, ಹೇರ್ ಡ್ರೈಯರಿನಲ್ಲಿ ಕೈ ಸುಡುವಷ್ಟು ಕಾಯಿಸಿ, ಫ್ಯಾನನ್ನು ಕೈಯಲ್ಲೇ ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ. ಸಡಿಲಾದ ಮೇಲೆ ತಣ್ಣಗಾಗಲು ಬಿಟ್ಟು, ಆಮೇಲೆ ಹೊಸ ಇಂಧನದ ಕೆಲವು ಹನಿ ಹಾಕಿ ತಿರುಗಿಸಿ ತೊಳೆಯಿರಿ. ಬೇರಿಂಗ್ ಗರಗರ ಎಂದರೆ ತುಕ್ಕು ಹಿಡಿದಿದೆ, ಬದಲಿಸಬೇಕು. ಸುಟ್ಟ ಮೆಥನಾಲಿನಿಂದ ನೀರೂ ಹುಳಿ ಆಮ್ಲವೂ ಒಳಗೆ ಉಳಿಯುತ್ತವೆ. ಇನ್ನು ಮುಂದೆ ದಿನದ ಕೊನೆಯ ಹಾರಾಟ ಮುಗಿದು ನೆಲಕ್ಕಿಳಿದ ಮೇಲೆ ಇಂಧನದ ಪೈಪು ಕಳಚಿ, ಇಂಜಿನ್ ತಾನೇ ಒಣಗಿ ನಿಲ್ಲುವಂತೆ ಮಾಡಿ, ಕಾರ್ಬುರೇಟರಿಗೆ, ಪ್ಲಗ್ ತೂತಿಗೆ ನಾಲ್ಕು ನಾಲ್ಕು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಹತ್ತು ಸುತ್ತು ತಿರುಗಿಸಿಡಿ.